ಕ್ಲೆಸಾಂಜೆಯ ‘ಹಾವು ಕಚ್ಚಿದ ಹೆಣ್ಣು’: ಕೆತ್ತಿದ್ದೋ, ಮೈಮೇಲಿಂದ ಅಚ್ಚು ತೆಗೆದಿದ್ದೋ?

ಸಂಜೆಮಲ್ಲಿಗೆ
ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ ಒಗಸ್ಟ್ ಕ್ಲೆಸಾಂಜೆಯ ‘ಹಾವು ಕಚ್ಚಿದ ಹೆಣ್ಣು’ ಅನ್ನೋ ಅಮೃತಶಿಲೆಯ ಶಿಲ್ಪ ಇದೆಯಲ್ಲ, 1847ರದ್ದು, ಅದರ ಬಗ್ಗೆ ಪ್ರಶ್ನೆ. ಹೂವಿನ ಹಾಸಿನ ಮೇಲೆ ಮೈ ತಿರುಚಿಕೊಂಡು ಬಿದ್ದಿರುವ ಬೆತ್ತಲೆ ಹೆಣ್ಣು, ಮಣಿಕಟ್ಟಿಗೆ ಸುತ್ತಿಕೊಂಡ ಪುಟ್ಟ ಹಾವು. ಎಲ್ಲಿ ಓದಿದರೂ ಒಂದೇ ಮಾತು: ರೂಪದರ್ಶಿ ಅಪೊಲೊನಿ ಸಬಾಟಿಯೆಯ ಮೈಮೇಲಿಂದಲೇ ಅಚ್ಚು ತೆಗೆದಿದ್ದು, ತೊಡೆಯ ಮೇಲ್ಭಾಗದ ಕೊಬ್ಬಿನ ಗುಳಿಗಳೂ ಹಾಗೇ ಮೂಡಿವೆ, ಅದಕ್ಕೇ ಆಗ ದೊಡ್ಡ ಗಲಾಟೆ ಆಯ್ತು ಅಂತ.

ಆದರೆ ಅಮೃತಶಿಲೆಯನ್ನು ಕರಗಿಸಿ ಅಚ್ಚಿಗೆ ಹೊಯ್ಯೋಕೆ ಆಗಲ್ಲವಲ್ಲ? ಕಂಚಾದರೆ ಸರಿ. ಕಲ್ಲಿನ ವಿಷಯದಲ್ಲಿ ‘ಅಚ್ಚು ತೆಗೆದ’ ಅಂದರೆ ಕೆಲಸ ನಡೆದಿದ್ದಾದರೂ ಹೇಗೆ? ಗೊತ್ತಿದ್ದವರು ಹಂತ ಹಂತವಾಗಿ ಬಿಡಿಸಿ ಹೇಳಿ.

ತಕರಾರು ತಮ್ಮಯ್ಯ
ಇದರಲ್ಲಿ ಬಿಡಿಸೋದೇನಿದೆ? ಮೈಗೆ ಪ್ಲಾಸ್ಟರ್ ಬಳಿದ, ಅಚ್ಚು ತೆಗೆದ, ಕೂಲಿಯವರ ಕೈಲಿ ಕಲ್ಲಿಗೆ ನಕಲು ಮಾಡಿಸಿದ, ಕೆಳಗೆ ಸಹಿ ಹಾಕಿದ. ಚಿತ್ರಕಾರ ಡೆಲಕ್ರ್ವಾ ಇದನ್ನು ‘ಶಿಲ್ಪದಲ್ಲಿ ಡಾಗೆರೊಟೈಪ್’ (ಮೊದಮೊದಲ ಬಗೆಯ ಫೋಟೋ) ಅಂತ ಕರೆದಿದ್ದು ಸುಮ್ಮನೆ ಅಲ್ಲ. ಫೋಟೋ ತೆಗೆಯೋದು ಲೋಕಕ್ಕೆ ಗೊತ್ತಾಗಿ (1839) ಎಂಟು ವರ್ಷ ಆಗಿತ್ತು ಅಷ್ಟೇ, ಅದೇ ಚಟ ಕಲ್ಲಿಗೂ ಹತ್ತಿತು.

ಮುರುಕು ಉಳಿ
ತಮ್ಮಯ್ಯನವರೇ, ‘ಕಲ್ಲಿಗೆ ನಕಲು ಮಾಡಿಸಿದ’ ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸಿದಿರಿ. ಇಡೀ ವಿಷಯ ಇರೋದೇ ಆ ನಾಲ್ಕು ಮಾತಲ್ಲಿ.

ಸಂಜೆಮಲ್ಲಿಗೆ, ಕ್ರಮ ಹೀಗೆ. ಮೈಮೇಲೆ ಪ್ಲಾಸ್ಟರ್ ಹಾಕಿ ತೆಗೆದರೆ ಸಿಗೋದು ಒಳಗು-ಹೊರಗಾದ ಅಚ್ಚು. ಅದರೊಳಗೆ ಮತ್ತೆ ಪ್ಲಾಸ್ಟರ್ ಹೊಯ್ದರೆ ಮೈಯ ಆಕಾರದ ಬಿಳಿ ತುಂಡು ಸಿಗುತ್ತೆ. ಆ ತುಂಡುಗಳನ್ನು ಜೋಡಿಸಿ, ಸಂದುಗಳನ್ನು ತುಂಬಿ, ಬೇಕಾದ ಕಡೆ ತಿದ್ದಿ ಒಂದು ಪೂರ್ತಿ ಪ್ಲಾಸ್ಟರ್ ಮಾದರಿ ಮಾಡಬೇಕು. ಆಮೇಲೆ ಆ ಮಾದರಿಯಿಂದ ಅಳತೆ ತೆಗೆದು ಕಲ್ಲಿನ ದಿಮ್ಮಿಗೆ ದಾಟಿಸಬೇಕು. ಅಲ್ಲಿ ಹೊಯ್ಯೋದೂ ಇಲ್ಲ, ಒತ್ತೋದೂ ಇಲ್ಲ. ಕೊನೆಯ ಮಿಲಿಮೀಟರಿನವರೆಗೂ ಕಲ್ಲನ್ನು ಕಡಿದೇ ತೆಗೀಬೇಕು. ಅಚ್ಚಿನ ಆರೋಪ ನಿಲ್ಲೋದಿದ್ದರೆ ಪ್ಲಾಸ್ಟರ್ ಹಂತಕ್ಕೆ ಮಾತ್ರ ನಿಲ್ಲುತ್ತೆ.

ಹಳೇ ಕ್ಯಾಟಲಾಗ್
ಅಳತೆಗಳನ್ನು ಹಾಕಿಬಿಡ್ತೀನಿ, ಚರ್ಚೆಗೆ ಬೇಕಾಗುತ್ತೆ. ಎತ್ತರ 56.5 ಸೆಂ.ಮೀ., ಉದ್ದ 180, ಆಳ 70. ಇಡೀ ಶಿಲ್ಪ ಅಡ್ಡಡ್ಡ. ಆಕೃತಿ ಹೆಚ್ಚುಕಡಿಮೆ ಮನುಷ್ಯರ ಅಳತೆಯದ್ದೇ, ಅನುಮಾನ ಹುಟ್ಟೋಕೆ ಅದೂ ಒಂದು ಕಾರಣ. ಕ್ಲೆಸಾಂಜೆ ಹುಟ್ಟಿದ್ದು 1814ರಲ್ಲಿ ಬೆಸಾಂಸಾಂನಲ್ಲಿ, ಅಪ್ಪನೂ ಶಿಲ್ಪಿ. 1847ರ ಸಲೋನ್ ಅನ್ನೋ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನದಲ್ಲಿ ಇದನ್ನಿಟ್ಟಾಗ ವಯಸ್ಸು 32. ಸಬಾಟಿಯೆ ಹುಟ್ಟಿದ್ದು 1822, ಅಂದರೆ ಆಗ 25ರ ಆಸುಪಾಸು.

ಮುರುಕು ಉಳಿ
ಒಳ್ಳೇದಾಯ್ತು. 1.8 × 0.7 × 0.565 ಅಂದರೆ ಸುಮಾರು 0.71 ಘನ ಮೀಟರ್. ಅಮೃತಶಿಲೆ ಘನ ಮೀಟರಿಗೆ 2,700 ಕೆ.ಜಿ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 1,900 ಕೆ.ಜಿ. ದಿಮ್ಮಿ ಇದಕ್ಕಿಂತ ಚಿಕ್ಕದಿರೋಕೆ ಸಾಧ್ಯವೇ ಇಲ್ಲ, ಎಲ್ಲಾ ಕಡೆ ಒಂದಿಷ್ಟು ಬಿಟ್ಟುಕೊಂಡೇ ಶುರು ಮಾಡ್ತಾರೆ, ಹಾಗಾಗಿ ಎರಡು ಟನ್ ದಾಟಿರುತ್ತೆ.

ಧಾರವಾಡ ಪೇಡೆ
ಎರಡು ಟನ್ ಕಲ್ಲು ಕಡದು ಮ್ಯಾಲೆ ‘ಫೋಟೋ ಹೊಡದಾನ’ ಅಂತ ಬೈಸ್ಕೊಂಡ್ನಲ್ರೀ ಪಾಪ.

ಪಿಒಪಿ ಪರಮೇಶಿ
ಕಲ್ಲಿನ ವಿಷಯ ಉಳಿಯವರಿಗೆ ಬಿಡ್ತೀನಿ, ಪ್ಲಾಸ್ಟರ್ ನಾನು ಹೇಳ್ತೀನಿ. ‘ಮೈಮೇಲಿಂದ ಅಚ್ಚು ತೆಗೆದ’ ಅಂತ ಬರೆಯೋ ಬಹಳ ಜನಕ್ಕೆ ಅದು ಎಷ್ಟು ತಾಪತ್ರಯದ ಕೆಲಸ ಅಂತ ಗೊತ್ತಿಲ್ಲ.

ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಯಲ್ಲಿ ಹುರಿದಾಗ ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹೋಗುತ್ತೆ, ಉಳಿಯೋ ಪುಡಿಯೇ ಪಿಒಪಿ, ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರು ಸೇರಿಸಿದರೆ ಅದು ಕಳಕೊಂಡ ನೀರನ್ನು ವಾಪಸ್ ಹೀರಿಕೊಂಡು ಹರಳುಗಟ್ಟುತ್ತೆ, ಬಿಸಿ ಬಿಡುತ್ತೆ. ತೆಳ್ಳಗಿದ್ದರೆ ಬೆಚ್ಚಗೆ ಅನ್ನಿಸುತ್ತೆ ಅಷ್ಟೇ. ದಪ್ಪ ಹಾಕಿದರೆ 60 ಡಿಗ್ರಿ ಮುಟ್ಟುತ್ತೆ, ಚರ್ಮ ಸುಡುತ್ತೆ. ಕೈಯನ್ನೇ ಪಿಒಪಿ ಬಕೆಟ್ಟಿನಲ್ಲಿ ಅದ್ದಿ ಹಿಡಿಯೋ ಸಾಹಸ ಯಾರೂ ಮಾಡಬೇಡಿ, ಗಟ್ಟಿಯಾದ ಮೇಲೆ ಎಳೆಯೋಕೂ ಬರಲ್ಲ, ಒಳಗೆ ಬೇಯ್ತಾ ಇರುತ್ತೆ. ಈಗ ಅಚ್ಚು ತೆಗೆಯೋರು ಚರ್ಮದ ಮೇಲೆ ಆಲ್ಜಿನೇಟ್ (ರಬ್ಬರಿನಂತೆ ಮೆತ್ತಗೆ ಗಟ್ಟಿಯಾಗೋ ಪುಡಿಯ ಕಲಕ) ಹಾಕಿ, ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತುತ್ತಾರೆ. 1847ರಲ್ಲಿ ಅದ್ಯಾವುದೂ ಇರಲಿಲ್ಲ, ನೇರ ಪ್ಲಾಸ್ಟರೇ.

ಆಗಿನ ವಿಧಾನ: ಮೈಗೆ ಎಣ್ಣೆಯೋ ಕೊಬ್ಬೋ ಹಚ್ಚಬೇಕು, ಕೂದಲಿದ್ದ ಕಡೆ ಸೋಪು ಮೆತ್ತಿ ಮಲಗಿಸಬೇಕು, ಇಲ್ಲದಿದ್ದರೆ ಕೂದಲೂ ಅಚ್ಚಿನ ಜತೆ ಬರುತ್ತೆ. ಅಚ್ಚು ಎಲ್ಲಿ ಎರಡಾಗಿ ಬಿಡಬೇಕೋ ಆ ಗೆರೆಯುದ್ದಕ್ಕೂ ರೇಷ್ಮೆ ದಾರ ಅಂಟಿಸಿಟ್ಟು, ಅದರ ಮೇಲೆ ಪ್ಲಾಸ್ಟರ್. ತೂಕದಲ್ಲಿ 10 ಪಾಲು ಪುಡಿಗೆ 7 ಪಾಲು ನೀರು ಒಂದು ಅಂದಾಜು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಹೊಯ್ಯಬಾರದು, ಹೊಯ್ದರೆ ಗಂಟು ಮತ್ತು ಗಾಳಿಗುಳ್ಳೆ. ಗಟ್ಟಿ ಮೊಸರಿನ ಹದಕ್ಕೆ ಬಂದ ಕೂಡಲೇ ದಾರ ಎಳೆದರೆ ಪ್ಲಾಸ್ಟರ್ ಸೀಳುತ್ತೆ. ಎರಡು ನಿಮಿಷ ಮೊದಲೇ ಎಳೆದರೆ ಸೀಳು ಮತ್ತೆ ಕೂಡಿಕೊಳ್ಳುತ್ತೆ, ಎರಡು ನಿಮಿಷ ತಡವಾದರೆ ದಾರ ತುಂಡಾಗುತ್ತೆ. ಪೂರ್ತಿ ಗಟ್ಟಿಯಾಗೋಕೆ 15–20 ನಿಮಿಷ.

ಈಗ ಆ ಶಿಲ್ಪದ ಭಂಗಿ ನೋಡಿ. ಬೆನ್ನು ಬಿಲ್ಲಾಗಿದೆ, ಸೊಂಟ ಒಂದು ಕಡೆ, ಎದೆ ಒಂದು ಕಡೆ ತಿರುಗಿದೆ, ತಲೆ ಹಿಂದಕ್ಕೆ. ಒಂದು ಸೆಂ.ಮೀ. ದಪ್ಪದ ಹಸಿ ಪ್ಲಾಸ್ಟರ್ ಚದರ ಮೀಟರಿಗೆ 16 ಕೆ.ಜಿ. ತೂಗುತ್ತೆ. ಮೈಯ ಮುಂಭಾಗ ಪೂರ್ತಿ ಮುಚ್ಚಿದರೆ ಹತ್ತು ಹನ್ನೆರಡು ಕೆ.ಜಿ. ಆ ಭಾರ ಹೊತ್ತು, ಆ ಭಂಗಿಯಲ್ಲಿ, ಉಸಿರಾಟಕ್ಕೆ ಎದೆ ಏರಿಳಿಯದ ಹಾಗೆ ಕಾಲು ಗಂಟೆ ಮಲಗೋದು ಯಾರಿಂದಲೂ ಆಗದ ಮಾತು. ಹಾಗಾಗಿ ಇಡೀ ಮೈಯನ್ನು ಒಂದೇ ಸಲ ಅಚ್ಚು ತೆಗೆದ ಅನ್ನೋದನ್ನ ನಾನಂತೂ ನಂಬಲ್ಲ. ತುಂಡು ತುಂಡಾಗಿ ತೆಗೆದಿರಬಹುದು: ತೊಡೆ ಒಂದು, ಸೊಂಟ ಒಂದು, ಹೀಗೆ.

ಕಡಲತಡಿಯವ
ಅಬ್ಬ, ಮಾರಾಯ್ರೆ! ನಾನು ಏನೋ ಅರ್ಧ ಗಂಟೆಯ ಕೆಲಸ ಅಂತ ಗ್ರಹಿಸಿದ್ದೆ. ಪರಮೇಶಿಯವರೇ, ಒಂದು ಡೌಟು. ಪ್ಲಾಸ್ಟರಿನ ಭಾರಕ್ಕೆ ಮಾಂಸ ಒತ್ತಿ ಚಪ್ಪಟೆ ಆಗುವುದಿಲ್ಲವಾ? ಮತ್ತೆ ಅಚ್ಚು ನಿಜ ಮೈಯ ಹಾಗೆ ಎಲ್ಲಿಂದ ಬರ್ತದೆ?

ಪಿಒಪಿ ಪರಮೇಶಿ
ಆಗುತ್ತೆ. ಮೈಮೇಲಿಂದ ತೆಗೆದ ಅಚ್ಚನ್ನು ಗುರುತು ಹಿಡಿಯೋದೇ ಹಾಗೆ. ಮೆತ್ತಗಿನ ಭಾಗ (ಹೊಟ್ಟೆ, ಎದೆ, ತೊಡೆಯ ಒಳಮೈ) ಸ್ವಲ್ಪ ಕುಸಿದಿರುತ್ತೆ, ಮೂಳೆ ಹತ್ತಿರವಿರುವ ಭಾಗ (ಮೊಣಕಾಲು, ಪಾದ, ಮುಂಗೈ) ಕರಾರುವಾಕ್ಕಾಗಿರುತ್ತೆ. ಪ್ಲಾಸ್ಟರ್ ಹಾಕಿದ ಕ್ಷಣ ತಣ್ಣಗಿರುತ್ತೆ, ರೋಮ ನಿಲ್ಲುತ್ತೆ, ಆ ಚುಕ್ಕಿಗಳೂ ಮೂಡುತ್ತವೆ. ಮುಖದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿರುತ್ತೆ, ತುಟಿ ಸೇರಿರುತ್ತೆ. ಇನ್ನೊಂದು: ಗಟ್ಟಿಯಾಗುವಾಗ ಪ್ಲಾಸ್ಟರ್ ಕುಗ್ಗಲ್ಲ, ಕೂದಲೆಳೆಯಷ್ಟು ಹಿಗ್ಗುತ್ತೆ, ಶೇಕಡಾ 0.2–0.3. ಒಂದೂವರೆ ಮೀಟರಿಗೆ 3–4 ಮಿ.ಮೀ.

ತಕರಾರು ತಮ್ಮಯ್ಯ
ಸರಿ, ತುಂಡು ತುಂಡಾಗಿಯೇ ತೆಗೆದ ಅಂತಿಟ್ಟುಕೊಳ್ಳೋಣ. ಆರೋಪ ಏನು ಕಮ್ಮಿ ಆಯ್ತು? ತೊಡೆಯ ಗುಳಿಗಳು ಅಚ್ಚಿನಿಂದ ಬಂದವು ತಾನೇ? ಓರ್ಸೆ ಮ್ಯೂಸಿಯಂನವರೇ ಮೈಮೇಲಿನ ಅಚ್ಚು ಬಳಸಿದ್ದಾನೆ ಅಂತ ಹೇಳ್ತಾರೆ.

ಹಳೇ ಕ್ಯಾಟಲಾಗ್
ಬಳಸಿದ್ದಾನೆ ಅನ್ನೋದನ್ನ ಇಲ್ಲಿ ಯಾರೂ ಅಲ್ಲಗಳೆದಿಲ್ಲ ಸರ್. ಎಲ್ಲಿಯವರೆಗೆ ಬಳಸಿದ ಅನ್ನೋದು ಪ್ರಶ್ನೆ.

ಮುರುಕು ಉಳಿ
ಆ ಗುಳಿಗಳ ವಿಷಯಕ್ಕೇ ಬರ್ತೀನಿ. ಇದು ಸ್ವಲ್ಪ ಉದ್ದ ಆಗುತ್ತೆ.

ಪ್ಲಾಸ್ಟರ್ ಮಾದರಿಯಿಂದ ಕಲ್ಲಿಗೆ ಅಳತೆ ದಾಟಿಸೋಕೆ ಬಿಂದುಯಂತ್ರ ಬಳಸ್ತಿದ್ದರು. ಫ್ರಾನ್ಸಿನಲ್ಲಿ ಪದಕಶಿಲ್ಪಿ ನಿಕೋಲಾ ಮಾರಿ ಗತ್ತೋ ಇದನ್ನು ಸುಧಾರಿಸಿದವನು. ಹೆಸರು ಯಂತ್ರ, ಆದರೆ ಅದು ತಾನಾಗಿ ಏನನ್ನೂ ಕಡಿಯಲ್ಲ. ‘ಟಿ’ ಆಕಾರದ ಚೌಕಟ್ಟು, ಮೂರು ಕಾಲು, ಕೀಲುಗಳಿರೋ ಒಂದು ತೋಳು, ತೋಳಿನ ತುದಿಗೆ ಹಿಂದೆ-ಮುಂದೆ ಸರಿಯೋ ಸೂಜಿ, ಸೂಜಿಗೊಂದು ತಡೆ. ಮಾದರಿಯ ಮೇಲೆ ಮೂರು ಖಾಯಂ ಬಿಂದು, ಕಲ್ಲಿನ ಮೇಲೂ ಅದೇ ಅಂತರದಲ್ಲಿ ಮೂರು. ಚೌಕಟ್ಟನ್ನು ಮಾದರಿಗೆ ನೇತುಹಾಕಿ, ಸೂಜಿಯನ್ನು ಒಂದು ಜಾಗಕ್ಕೆ ಮುಟ್ಟಿಸಿ, ತಡೆ ಬಿಗಿ ಮಾಡಬೇಕು. ಸೂಜಿ ಹಿಂದಕ್ಕೆಳೆದು ಚೌಕಟ್ಟನ್ನು ಕಲ್ಲಿಗೆ ತಂದು ಹಾಕಬೇಕು. ಅಲ್ಲಿ ಸೂಜಿ ಕಲ್ಲಿಗೆ ಬಡಿದು ನಿಲ್ಲುತ್ತೆ, ತಡೆಯವರೆಗೆ ಹೋಗಲ್ಲ. ತಡೆ ಮುಟ್ಟೋವರೆಗೆ ಬೈರಿಗೆಯಲ್ಲಿ ರಂಧ್ರ ಕೊರೀಬೇಕು, 2–3 ಮಿ.ಮೀ. ಉಳಿಸಿಕೊಂಡು. ಒಂದು ಬಿಂದು ಮುಗೀತು. ಪೆನ್ಸಿಲ್ಲಲ್ಲಿ ಗುರುತು ಹಾಕಿ, ಮುಂದಿನದು.

ಬಿಂದುಗಳನ್ನು 2 ಸೆಂ.ಮೀ. ಅಂತರದಲ್ಲಿ ಇಟ್ಟರೆ ಚದರ ಮೀಟರಿಗೆ 2,500. ಅಂಗೈಯಷ್ಟು ಜಾಗಕ್ಕೆ (10 × 10 ಸೆಂ.ಮೀ.) 25. ತೊಡೆಯ ಮೇಲಿನ ಗುಳಿ ಎಷ್ಟಿರುತ್ತೆ? ಅಗಲ ಒಂದು ಸೆಂ.ಮೀ., ಆಳ ಒಂದೆರಡು ಮಿ.ಮೀ. ಅದು ಎರಡು ಬಿಂದುಗಳ ನಡುವೆ ಬಿದ್ದರೆ ಯಂತ್ರಕ್ಕೆ ಸಿಗೋದೇ ಇಲ್ಲ. ಬಿಂದುವಿನ ಮೇಲೇ ಬಿದ್ದರೂ, ರಕ್ಷಣೆಗೆ ಬಿಟ್ಟ 2–3 ಮಿ.ಮೀ. ಕಲ್ಲಿನೊಳಗೆ ಅದು ಹೂತುಹೋಗಿರುತ್ತೆ. ಗುಳಿಗಳನ್ನು ಯಂತ್ರದಿಂದಲೇ ಹಿಡೀಬೇಕು ಅಂದರೆ ಅಂತರ 5 ಮಿ.ಮೀ.ಗೆ ಇಳಿಸಬೇಕು, ಆಗ ಅಂಗೈಯಷ್ಟು ಜಾಗಕ್ಕೇ 400 ಬಿಂದು.

ಆದ್ದರಿಂದ ಅಮೃತಶಿಲೆಯಲ್ಲಿ ಆ ಗುಳಿಗಳು ಇವೆ ಅಂದರೆ ಯಾರೋ ಅಲ್ಲಿ ಕೂತು ಬೇಕೂ ಅಂತ ಮಾಡಿದ್ದಾರೆ. ಮಾಮೂಲಿಯಾಗಿ ಬಿಂದು ಬಿಂದುಗಳ ನಡುವಿನ ಗುಡ್ಡೆಗಳನ್ನು ಹಲ್ಲುಳಿಯಲ್ಲಿ ತೆಗೆದು, ಚಪ್ಪಟೆ ಉಳಿ, ಅರ ಎಳೆದರೆ ಮೈ ತಾನಾಗಿ ನುಣ್ಣಗಾಗುತ್ತೆ. ಸುಲಭದ ದಾರಿಯಲ್ಲಿ ಹೋಗಿದ್ದರೆ ಸಿಗುತ್ತಿದ್ದದ್ದು ಉಳಿದೆಲ್ಲರ ಶಿಲ್ಪದಂಥ ಬೆಣ್ಣೆಯ ತೊಡೆ. ಗುಳಿ ಉಳಿಸಿಕೊಳ್ಳೋದೇ ಕಷ್ಟದ ದಾರಿ.

ಸಂಜೆಮಲ್ಲಿಗೆ
ಓಹೋ. ಹಾಗಾದರೆ ಜನ ‘ಸೋಮಾರಿತನ’ ಅಂತ ಬೈದಿದ್ದು ಕೆಲಸ ಹೆಚ್ಚು ಬೇಡೋ ಭಾಗವನ್ನೇ!

ತಕರಾರು ತಮ್ಮಯ್ಯ
ಇಷ್ಟು ಬೇಗ ಒಪ್ಪಿಕೊಳ್ಳಬೇಡಿ ಮೇಡಂ. ಕಲ್ಲು ಕಡಿಯೋ ಕುಶಲಕರ್ಮಿಗೆ ‘ಮಾದರಿಯಲ್ಲಿ ಇರೋದನ್ನೆಲ್ಲ ಇಳಿಸು’ ಅಂತ ಹೇಳಿದರೆ ಇಳಿಸ್ತಾನೆ, ಅವನ ಕಸುಬೇ ಅದು. 400 ಬಿಂದು ಅಂದರೆ 400 ಬಿಂದು. ಅವನು ಕಣ್ಣಳತೆಯಲ್ಲೂ ಇಳಿಸಬಲ್ಲ. ಕಷ್ಟ ಪಟ್ಟಿದ್ದು ಕೂಲಿಯವನು, ಕಲ್ಪನೆ ಎಲ್ಲಿ ಬಂತು? ಕಷ್ಟದ ಕೆಲಸ ಎಲ್ಲಾ ಕಲೆ ಆಗೋದಾದರೆ ಗ್ರಾನೈಟ್ ಕ್ವಾರಿಯೇ ದೊಡ್ಡ ಕಲಾಶಾಲೆ.

ಧಾರವಾಡ ಪೇಡೆ
ಇದು ಖರೇ ಮಾತು ಬಿಡ್ರಿ. ತಮ್ಮಯ್ಯನವರು ಇವತ್ತ ಫಾರ್ಮ್‌ನ್ಯಾಗ ಅದಾರ.

ಹಳೇ ಕ್ಯಾಟಲಾಗ್
ತಮ್ಮಯ್ಯನವರ ವಾದ ಹಿಡಿದರೆ ಹತ್ತೊಂಬತ್ತನೇ ಶತಮಾನದ ಅರ್ಧ ಅಮೃತಶಿಲೆಯನ್ನು ಗೋದಾಮಿಗೆ ಕಳಿಸಬೇಕಾಗುತ್ತೆ. ಬಿಂದು ತೆಗೆದು ಕಡಿಸೋದು ಆಗಿನ ಎಲ್ಲ ದೊಡ್ಡ ಕಾರ್ಯಾಗಾರಗಳ ರೂಢಿ. ಇಟಲಿಯ ಶಿಲ್ಪಿ ಕನೋವಾನ ಪ್ಲಾಸ್ಟರ್ ಮಾದರಿಗಳು ಇಟಲಿಯ ಪೊಸ್ಸಾನೊದಲ್ಲಿವೆ, ಮೈತುಂಬ ಬಿಂದುಗುರುತಿನ ಲೋಹದ ಮೊಳೆಗಳು ಇವತ್ತಿಗೂ ಕಾಣುತ್ತವೆ. ಫ್ರೆಂಚ್ ಶಿಲ್ಪಿ ರೋಡಿನ್‌ನ ‘ದನಾಯಿದ್’ ಶಿಲ್ಪವನ್ನು ಅಮೃತಶಿಲೆಯಲ್ಲಿ ಕಡಿದವನು ಜ್ಯಾಂ ಎಸ್ಕೂಲಾ. ಬೂರ್ದೆಲ್, ಪೊಂಪೊಂ ಇಂಥವರೆಲ್ಲ ರೋಡಿನ್‌ಗೆ ಕಲ್ಲು ಕಡಿದು ಕೊಟ್ಟವರೇ. ಅಲ್ಲಿ ಯಾರೂ ‘ಕೂಲಿಯವನ ಕೆಲಸ’ ಅಂತ ಮೂಗು ಮುರಿಯಲ್ಲ. ಕಲ್ಲನ್ನು ತಾನೇ ಕಡೀಬೇಕು ಅಂತ ಹಟ ಹಿಡಿದವರು ಅಪರೂಪ, ಕಮೀಲ್ ಕ್ಲೋಡೆಲ್ ಅಂಥವಳು.

ಹಾಗಾಗಿ 1847ರ ಕೋಪ ‘ಬೇರೆಯವರು ಕಡಿದರು’ ಅನ್ನೋದರ ಮೇಲಲ್ಲ. ಮಾದರಿಯನ್ನು ಜೇಡಿಮಣ್ಣಲ್ಲಿ ಕೈಯಾರೆ ರೂಪಿಸಬೇಕು, ಅಂದರೆ ಆರಿಸಬೇಕು, ತಿದ್ದಬೇಕು, ಆದರ್ಶಕ್ಕೆ ಏರಿಸಬೇಕು ಅನ್ನೋದು ಆಗಿನ ಫ್ರೆಂಚ್ ಕಲಾ ಅಕಾಡೆಮಿಯ ಮಡಿ. ಮೈಮೇಲಿನ ಅಚ್ಚು ಆ ಮಡಿಯನ್ನು ಕೆಡಿಸುತ್ತೆ. ಅದಕ್ಕೇ ಅದು ‘ಕಳ್ಳತನ’.

ಎರಡನೆಯದು, ಈ ಮೈಗೆ ವಿಳಾಸ ಇತ್ತು. ಸಬಾಟಿಯೆ ಪ್ಯಾರಿಸ್ಸಿನ ಸಾಹಿತಿಗಳೆಲ್ಲ ಊಟಕ್ಕೆ ಸೇರುತ್ತಿದ್ದ ಮನೆಯ ಒಡತಿ, ಬೆಲ್ಜಿಯಂ ಮೂಲದ ಉದ್ಯಮಿ ಆಲ್ಫ್ರೆಡ್ ಮೊಸೆಲ್ಮಾನ್‌ನ ಪ್ರೇಯಸಿ. ಕವಿ ಬೋದಿಲೇರ್ ಇವಳಿಗೆ ಹೆಸರು ಹಾಕದೆ ಕವಿತೆ ಕಳಿಸತೊಡಗಿದ್ದು ಇದಾದ ಐದು ವರ್ಷಕ್ಕೆ, 1852ರಲ್ಲಿ. ‘ವೀನಸ್’ ಅಂತ ಹೆಸರಿಟ್ಟಿದ್ದರೆ ನೋಡುವವರು ದೇವತೆ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಇಲ್ಲಿ ದೇವತೆಯ ಹೆಸರೂ ಇಲ್ಲ. ಆ ಹಾವೊಂದೇ ನೆಪ, ಅದೂ ಬಳೆಯಷ್ಟು ಚಿಕ್ಕದು. ನೋವಿನಿಂದ ಹೊರಳುತ್ತಿದ್ದಾಳೆ ಅಂತ ಯಾರೂ ನಂಬಲಿಲ್ಲ.

ಮೆಚ್ಚಿದವರೂ ಇದ್ದರು. ಕವಿ, ವಿಮರ್ಶಕ ತೆಯೊಫಿಲ್ ಗೋತಿಯೆ ಪತ್ರಿಕೆಯಲ್ಲಿ ಇದರ ಪರ ನಿಂತು ಬರೆದ, ತನ್ನ ಕಾಲದ ಹೆಣ್ಣಿನ ಮೈಯನ್ನೇ ಶಿಲ್ಪ ಮಾಡಿದ್ದಕ್ಕೆ. ಅವನು ಸಬಾಟಿಯೆಯ ಮನೆಯ ಖಾಯಂ ಅತಿಥಿ ಅನ್ನೋದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ಕಡಲತಡಿಯವ
ಇದೇ ಕ್ಲೆಸಾಂಜೆ ಅಲ್ಲವಾ ಕಾದಂಬರಿಗಾರ್ತಿ ಜಾರ್ಜ್ ಸ್ಯಾಂಡಳ ಅಳಿಯ?

ಹಳೇ ಕ್ಯಾಟಲಾಗ್
ಹೌದು. ಅದೇ 1847ರ ಮೇ ತಿಂಗಳಲ್ಲಿ ಅವಳ ಮಗಳು ಸೊಲಾಂಜ್‌ಳನ್ನು ಮದುವೆಯಾದ. ಜುಲೈ ಹೊತ್ತಿಗೆ ನೋಆಂನಲ್ಲಿದ್ದ ಸ್ಯಾಂಡಳ ಮನೆಯಲ್ಲಿ ಸಾಲ, ವರದಕ್ಷಿಣೆ ಅಂತ ಹೊಡೆದಾಟ, ಭಾವಮೈದುನನ ಮೇಲೆ ಸುತ್ತಿಗೆ ಎತ್ತಿದ. ಸ್ಯಾಂಡಳ ಸಂಗಾತಿ, ಸಂಗೀತಗಾರ ಶೋಪಾಂ ಸೊಲಾಂಜ್‌ಳ ಪರ ನಿಂತಿದ್ದಕ್ಕೆ ಸ್ಯಾಂಡ್–ಶೋಪಾಂ ಸಂಬಂಧವೇ ಮುರಿದುಬಿತ್ತು.

ಧಾರವಾಡ ಪೇಡೆ
ಸುತ್ತಿಗಿ ಮನ್ಯಾಗೂ ಕೈಬಿಡ್ಲಿಲ್ಲ ಅನ್ರಿ.

ಪಿಒಪಿ ಪರಮೇಶಿ
ಶೋಪಾಂ ಅಂದ ಮೇಲೆ ನೆನಪಾಯ್ತು, ಇದು ನಮ್ಮ ವಿಷಯಕ್ಕೂ ಸೇರುತ್ತೆ. 1849ರ ಅಕ್ಟೋಬರ್ 17ರಂದು ಶೋಪಾಂ ತೀರಿಕೊಂಡಾಗ ಮುಖದ ಅಚ್ಚು, ಕೈಯ ಅಚ್ಚು ತೆಗೆದವನು ಇದೇ ಕ್ಲೆಸಾಂಜೆ. ಪ್ಯಾರಿಸ್ಸಿನ ಪೇರ್ ಲಶೇಜ್ ಸ್ಮಶಾನದಲ್ಲಿರೋ ಸಮಾಧಿ ಶಿಲ್ಪವೂ ಅವನದ್ದೇ, ಒಂದು ವರ್ಷಕ್ಕೆ ಸರಿಯಾಗಿ 1850ರಲ್ಲಿ ಅನಾವರಣ. ಅಂದರೆ ಚರ್ಮದ ಮೇಲೆ ಪ್ಲಾಸ್ಟರ್ ಹಾಕೋ ಕೈ ಅವನಿಗಿತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ಶವಕ್ಕೆ ಉಸಿರಾಟ ಇಲ್ಲ, ಬಿಸಿ ತಾಗಲ್ಲ, ಅದು ಸುಲಭ ಅಷ್ಟೇ.

ತಕರಾರು ತಮ್ಮಯ್ಯ
ನೋಡಿ, ಸಾಕ್ಷಿ ನೀವೇ ಒದಗಿಸಿದಿರಿ.

ಪಿಒಪಿ ಪರಮೇಶಿ
ಅಚ್ಚು ತೆಗೆಯೋಕೆ ಬರ್ತಿತ್ತು ಅಂತ ಹೇಳಿದೆ. ಸೊಂಟದ ತಿರುಚು ಅಚ್ಚಿನಿಂದ ಬಂತು ಅಂತ ಹೇಳಲಿಲ್ಲ. ತೊಡೆಯ ತುಂಡು ನಿಂತಾಗ ತೆಗೆದದ್ದೋ ಮಲಗಿದ್ದಾಗ ತೆಗೆದದ್ದೋ ಅನ್ನೋದರ ಮೇಲೆ ಮಾಂಸ ಯಾವ ಕಡೆ ಇಳಿದಿರುತ್ತೆ ಅನ್ನೋದು ಬದಲಾಗುತ್ತೆ. ಬೇರೆ ಬೇರೆ ಭಂಗಿಯ ತುಂಡುಗಳನ್ನು ಜೋಡಿಸಿದರೆ ಸಂದಿನಲ್ಲಿ ಭಾರದ ದಿಕ್ಕು ಕೂಡಲ್ಲ. ತೊಡೆಯ ಮಾಂಸ ಪಾದದ ಕಡೆ ಜಗ್ಗಿದ್ದು, ಹೊಟ್ಟೆಯದು ನೆಲದ ಕಡೆ ಜಗ್ಗಿದ್ದರೆ ನೋಡಿದ ತಕ್ಷಣ ಏನೋ ತಪ್ಪಿದೆ ಅನ್ನಿಸುತ್ತೆ. ಈ ಶಿಲ್ಪದಲ್ಲಿ ಹಾಗೆ ಅನ್ನಿಸಲ್ಲ. ಅದನ್ನು ಕೂಡಿಸಿದ್ದು ಅಚ್ಚಲ್ಲ, ಜೇಡಿಮಣ್ಣು ಹಿಡಿದ ಕೈ.

ಬಡಗಿಮನೆ
ಇದೇ ಆರೋಪ ರೋಡಿನ್ ಮೇಲೂ ಬಂದಿತ್ತಲ್ಲ?

ಹಳೇ ಕ್ಯಾಟಲಾಗ್
1877, ‘ಕಂಚಿನ ಯುಗ’. ಮೊದಲು ಬ್ರಸೆಲ್ಸ್, ಆಮೇಲೆ ಪ್ಯಾರಿಸ್. ರೂಪದರ್ಶಿ ಒಗಸ್ಟ್ ನೇಟ್ ಅನ್ನೋ ಬೆಲ್ಜಿಯಂ ಸೈನಿಕ. ರೋಡಿನ್ ಅವನ ಫೋಟೋಗಳನ್ನೆಲ್ಲ ತೆಗೆಸಿ, ಶಿಲ್ಪದ ಪಕ್ಕ ಇಟ್ಟು ವ್ಯತ್ಯಾಸ ತೋರಿಸಬೇಕಾಯ್ತು. 1880ರಲ್ಲಿ ಸರ್ಕಾರ ಕೊಂಡುಕೊಂಡಿತು. ಮುಂದಿನ ‘ಸಂತ ಜಾನ್’ ಅನ್ನು ಮನುಷ್ಯರಿಗಿಂತ ದೊಡ್ಡದಾಗಿ ಮಾಡಿದ, ಅಚ್ಚಿನ ಮಾತೇ ಏಳದ ಹಾಗೆ. ಮೈಮೇಲಿನ ಅಚ್ಚು ಮೈಗಿಂತ ದೊಡ್ಡದಾಗೋಕೆ ಸಾಧ್ಯವಿಲ್ಲವಲ್ಲ.

ಬಡಗಿಮನೆ
ದೊಡ್ಡದು ಮಾಡೋಕೆ ಬರಲ್ವಾ? ಚಿಕ್ಕದು ಮಾಡೋ ಯಂತ್ರ ಇತ್ತು ಅಂತ ಕೇಳಿದ್ದೇನೆ.

ಮುರುಕು ಉಳಿ
ಇತ್ತು, ಆಶಿಲ್ ಕೊಲಾಸ್‌ನದ್ದು, 1836. ದೊಡ್ಡದನ್ನು ಚಿಕ್ಕದು ಮಾಡೋಕೂ ಚಿಕ್ಕದನ್ನು ದೊಡ್ಡದು ಮಾಡೋಕೂ ಒಂದೇ ತತ್ವ. 1838ರಲ್ಲಿ ಬಾರ್ಬೆಡಿಯೆನ್ ಅನ್ನೋ ಉದ್ಯಮಿಯ ಜತೆ ಸೇರಿಕೊಂಡು ಪ್ರಸಿದ್ಧ ಶಿಲ್ಪಗಳ ಮೇಜಿನ ಮೇಲಿಡೋ ಕಂಚಿನ ಪ್ರತಿಗಳ ವ್ಯಾಪಾರ ಶುರು ಮಾಡಿದರು. ಆದರೆ ಅಚ್ಚನ್ನು ಹಿಗ್ಗಿಸಿದರೆ ಚರ್ಮದ ಗೆರೆ, ರೋಮರಂಧ್ರ ಎಲ್ಲವೂ ಹಿಗ್ಗುತ್ತವೆ, ನೋಡೋಕೆ ಆನೆಯ ಚರ್ಮ. ಎಲ್ಲವನ್ನೂ ಹೊಸದಾಗಿ ರೂಪಿಸಬೇಕಾಗುತ್ತೆ.

ಸಂಜೆಮಲ್ಲಿಗೆ
ಇನ್ನೊಂದು ಕೇಳ್ತೀನಿ. ಅಡ್ಡ ಮಲಗಿದ ಭಂಗಿ ಆರಿಸಿದ್ದಕ್ಕೆ ಕಲ್ಲಿನ ಕಾರಣ ಏನಾದರೂ ಇದೆಯಾ? ಹೂಗಳೆಲ್ಲ ಬರೀ ಅಲಂಕಾರವಾ?

ಮುರುಕು ಉಳಿ
ಒಳ್ಳೆ ಪ್ರಶ್ನೆ. ಅಮೃತಶಿಲೆ ಒತ್ತಡ ತಡೆಯುತ್ತೆ, ಬಾಗಿಸೋದನ್ನ ತಡೆಯಲ್ಲ. ಬಾಗುವಿಕೆಯಲ್ಲಿ ಅದರ ಬಲ ಒತ್ತಡದ್ದರ ಹತ್ತನೇ ಒಂದು ಪಾಲಿನಷ್ಟು. ನಿಂತ ಆಕೃತಿಯಾದರೆ ಇಡೀ ತೂಕ ಎರಡು ಕಣಕಾಲಿನ ಮೇಲೆ, ಅದಕ್ಕೇ ಅಮೃತಶಿಲೆಯ ನಿಂತ ಶಿಲ್ಪಗಳಿಗೆಲ್ಲ ಕಾಲ ಹಿಂದೆ ಒಂದು ಮರದ ಬೊಡ್ಡೆಯೋ ಹೂಜಿಯೋ ಇರುತ್ತೆ, ನೆಪಕ್ಕೆ. ಮಲಗಿದ ಆಕೃತಿಗೆ ಆ ತಲೆನೋವಿಲ್ಲ.

ಆದರೆ ಬಿಲ್ಲಾದ ಬೆನ್ನಿನ ಕೆಳಗೆ ಟೊಳ್ಳು ಬಿಟ್ಟರೆ ಸೊಂಟದಲ್ಲಿ ಬಿರುಕಿನ ಭಯ. ಬೆನ್ನಿನ ಕೆಳಗೆ ಕಲ್ಲು ಇರಲೇಬೇಕು, ಬರೀ ಕಲ್ಲಿನ ಗಡ್ಡೆ ಕಂಡರೆ ಅಸಹ್ಯ. ಹೂವಿನ ಹಾಸು ಆ ಗಡ್ಡೆಯ ಮುಸುಕು. ಎಸಳುಗಳ ಸಂದು ತೆಗೆಯೋದು ಬೈರಿಗೆಯಲ್ಲಿ: ಸಾಲಾಗಿ ರಂಧ್ರ ಕೊರೆದು, ನಡುವಿನ ತೆಳು ಗೋಡೆಗಳನ್ನು ಸಣ್ಣ ಉಳಿಯಲ್ಲಿ ಒಡೆದು, ಬಾಗಿದ ಅರದಲ್ಲಿ ನಯ ಮಾಡೋದು. ಎಸಳಿನ ಅಂಚು 3–4 ಮಿ.ಮೀ.ಗಿಂತ ತೆಳುವಾದ ಮೇಲೆ ಸುತ್ತಿಗೆ ಮುಟ್ಟಿಸಬಾರದು, ಬರೀ ಅರ. ಬೆರಳುಗಳಿಗೂ ಅದೇ ನಿಯಮ. ಬೆರಳ ನಡುವೆ ಕಲ್ಲಿನ ಸೇತುವೆ ಬಿಟ್ಟಿರ್ತಾರೆ, ಎಲ್ಲ ಮುಗಿದ ಮೇಲೆ ಅದನ್ನು ಗರಗಸದಲ್ಲಿ ತೆಗೀತಾರೆ.

ಎಲ್ಲಕ್ಕಿಂತ ಹೆಚ್ಚು ಕೈಕೊಡೋದು ಪೆಟ್ಟಿನ ಕಲೆ. ಮೊನೆ ಉಳಿಯನ್ನು ಕಲ್ಲಿಗೆ ನೆಟ್ಟಗೆ ಹಿಡಿದು ಹೊಡೆದರೆ ಒಳಗೆ ಹರಳುಗಳು ಒಡೆದು ಬೆಳ್ಳಗಿನ ಮಚ್ಚೆ ಆಗುತ್ತೆ. ಅದು ಕೆಲವು ಮಿ.ಮೀ. ಆಳಕ್ಕೆ ಇಳಿದಿರುತ್ತೆ, ಉಜ್ಜಿದರೂ ಹೋಗಲ್ಲ, ಉಜ್ಜಿದಷ್ಟೂ ಎದ್ದು ಕಾಣುತ್ತೆ. ಹಾಗಾಗಿ ಉಳಿಯನ್ನು 45 ಡಿಗ್ರಿಯಷ್ಟು ಓರೆ ಹಿಡಿದು, ಮೇಲ್ಮೈ ಹತ್ತಿರ ಬಂದ ಮೇಲೆ ಮೊನೆ ಉಳಿಯನ್ನೇ ಬದಿಗಿಡಬೇಕು. ತೊಡೆಯಂಥ ದೊಡ್ಡ ಬಯಲಿನಲ್ಲಿ ಒಂದು ಮಚ್ಚೆ ಬಿದ್ದರೂ ಇಡೀ ತೊಡೆ ಇಳಿಸಬೇಕು, ಇಳಿಸಿದರೆ ಅಳತೆ ಹೋಯ್ತು.

ಬಡಗಿಮನೆ
ಬೇಲೂರಿನ ಮದನಿಕೆಯರಲ್ಲಿ ಇದಕ್ಕಿಂತ ಸೂಕ್ಷ್ಮ ಕೆಲಸ ಇದೆ, ಬಿಂದುಯಂತ್ರವೂ ಇಲ್ಲ ಎಂಥದೂ ಇಲ್ಲ. ಹೊಯ್ಸಳರ ಶಿಲ್ಪಿಗಳ ಮುಂದೆ ಇದೆಲ್ಲ ಏನು ಮಹಾ?

ಮುರುಕು ಉಳಿ
ಈ ಹೋಲಿಕೆ ಬಂದೇ ಬರುತ್ತೆ ಅಂತ ಕಾಯ್ತಿದ್ದೆ. ಕಲ್ಲೇ ಬೇರೆ ಸ್ವಾಮಿ. ಅಲ್ಲಿ ಬಳಪದ ಕಲ್ಲು: ಸಣ್ಣ ಕಣ, ಮೆದು, ಒಡವೆಯ ಒಳಗೆಲ್ಲ ಉಳಿ ತೂರಿಸಿ ಕೊರೆಯಬಹುದು. ಬೆಳಕನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲ್ಲ. ಅಮೃತಶಿಲೆಯಲ್ಲಿ ಬೆಳಕು ಮೇಲ್ಮೈ ದಾಟಿ ಒಳಗಿಳಿದು ಹರಡಿ ವಾಪಸ್ ಬರುತ್ತೆ, ಚರ್ಮದಲ್ಲೂ ಹಾಗೇ. ಅದಕ್ಕೇ ಚರ್ಮದ ಭ್ರಮೆ ಅಮೃತಶಿಲೆಗೆ ಒಲಿಯುತ್ತೆ, ಒಡವೆಯ ಭ್ರಮೆ ಬಳಪದ ಕಲ್ಲಿಗೆ. ಮದನಿಕೆಯ ಶಿಲ್ಪಿ ತಾಳಮಾನದ (ಶಿಲ್ಪಶಾಸ್ತ್ರದ ಅಂಗಪ್ರಮಾಣದ) ಲೆಕ್ಕದಲ್ಲಿ ಕಟ್ಟಿದ ಮೈಯನ್ನು ಕೆತ್ತಿದ. ಕ್ಲೆಸಾಂಜೆಯ ತಗಾದೆ ಇಂಥದೇ ಒಬ್ಬ ಹೆಣ್ಣಿನ ಮೈ ಅನ್ನೋದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಡಲತಡಿಯವ
ಹಾಗಾದರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿಯದ್ದು ಅಮೃತಶಿಲೆಯೇ ಅಲ್ಲವಾ? ಅದರಲ್ಲಿ ಚರ್ಮದ ಭ್ರಮೆ ಗಿಮೆ ಎಂಥದೂ ಕಾಣುವುದಿಲ್ಲ.

ಹಳೇ ಕ್ಯಾಟಲಾಗ್
ಅಮೃತಶಿಲೆಯೇ. ಥಾಮಸ್ ಬ್ರಾಕ್ ಮಾಡಿದ್ದು, 1906ರಲ್ಲಿ ಅಲ್ಲಿಗೆ ಬಂತು. ಹೊರಗಡೆ ನಿಂತಿದೆ, ಅದೇ ಕಾರಣ.

ಮುರುಕು ಉಳಿ
ಅಮೃತಶಿಲೆ ಅಂದರೆ ಕ್ಯಾಲ್ಸೈಟ್ ಹರಳುಗಳ ಗಟ್ಟಿ. ಮಳೆನೀರು ತುಸು ಆಮ್ಲ, ವರ್ಷಗಟ್ಟಲೆ ಹರಿದರೆ ಹರಳಿನ ಅಂಚುಗಳು ಕರಗಿ ಹಿಡಿತ ಸಡಿಲವಾಗುತ್ತೆ, ಕೈಯಾಡಿಸಿದರೆ ಸಕ್ಕರೆಯಂಥ ಪುಡಿ ಬರುತ್ತೆ. ಮೊದಲು ಮಾಯವಾಗೋದು ಒಂದು ಮಿ.ಮೀ. ಒಳಗಿನ ವಿವರಗಳೇ. ಈ ಹೆಣ್ಣನ್ನು ಪ್ಯಾರಿಸ್ಸಿನ ಯಾವುದೋ ತೋಟದಲ್ಲಿ ನೂರೈವತ್ತು ವರ್ಷ ಮಲಗಿಸಿದ್ದರೆ ತೊಡೆಯ ಗುಳಿಯೂ ಇರುತ್ತಿರಲಿಲ್ಲ, ಈ ಜಗಳವೂ ಇರುತ್ತಿರಲಿಲ್ಲ.

ಧಾರವಾಡ ಪೇಡೆ
ಮನ್ಯಾಗ ಮಾರ್ಬಲ್ ಕಟ್ಟಿ ಮ್ಯಾಲೆ ಲಿಂಬಿಹಣ್ಣು ಹಿಂಡವ್ರು ಇದನ್ನ ಓದ್ರಿ ಸ್ವಲ್ಪ.

ಮುರುಕು ಉಳಿ
ನಿಂಬೆ, ವಿನೆಗರ್, ಟಾಯ್ಲೆಟ್ ಆಸಿಡ್ ಯಾವುದೂ ಬೇಡ. ಗುಳ್ಳೆ ಬಂತು ಅಂದರೆ ಕಲ್ಲು ಹೋಗ್ತಾ ಇದೆ ಅಂತ.

ತಕರಾರು ತಮ್ಮಯ್ಯ
ವಿಷಯಕ್ಕೆ ಬರೋಣ. ನನ್ನ ಕೊನೇ ಆಕ್ಷೇಪ, ತಲೆ. ಮೈ ಅಷ್ಟು ನಿರ್ದಿಷ್ಟವಾಗಿದೆ, ಮುಖ ಮಾತ್ರ ಯಾವುದೋ ಗ್ರೀಕ್ ಗೊಂಬೆಯ ಹಾಗೆ. ಎರಡೂ ಒಂದೇ ಹೆಣ್ಣಿನದ್ದು ಅಂತ ನಂಬೋಕೇ ಆಗಲ್ಲ. ಅಚ್ಚು ಎಲ್ಲಿ ನಿಂತಿತು, ಕಲ್ಪನೆ ಎಲ್ಲಿ ಶುರುವಾಯ್ತು ಅನ್ನೋದಕ್ಕೆ ಕತ್ತಿನ ಬಳಿ ಗೆರೆ ಎಳೆದ ಹಾಗಿದೆ. ಅವನ ಸ್ವಂತ ಕಲ್ಪನೆ ಅಂದರೆ ಆ ಸಪ್ಪೆ ಮುಖ. ನನ್ನ ವಾದ ಗೆದ್ದಂತೆ.

ಹಳೇ ಕ್ಯಾಟಲಾಗ್
ಇದು ನೀವು ಇವತ್ತು ಹೇಳಿದ್ದರಲ್ಲಿ ಗಟ್ಟಿಯಾದ ಮಾತು, ಒಪ್ಪಿದೆ. ಆದರೆ ಅದೇ 1847ರಲ್ಲಿ ಅವನು ಮಾಡಿದ ಸಬಾಟಿಯೆಯ ಎದೆಮಟ್ಟದ ಅಮೃತಶಿಲೆಯೂ ಓರ್ಸೆಯಲ್ಲೇ ಇದೆ. ಅದು ಜೀವಂತ ಮುಖ, ಹೆಸರಿರೋ ಹೆಣ್ಣು. ಮುಖ ಮಾಡೋಕೆ ಬರದವನಲ್ಲ. ಮಲಗಿದವಳ ಮುಖವನ್ನು ಬೇಕೆಂದೇ ಸಾಮಾನ್ಯಗೊಳಿಸಿದ್ದಾನೆ ಅಂತ ನನ್ನ ಲೆಕ್ಕ: ಗುರುತು ಸಿಗಬಾರದು ಅಂತ, ಅಥವಾ ಸಿಕ್ಕರೂ ‘ಅವಳಲ್ಲ’ ಅನ್ನೋಕೆ ಒಂದು ದಾರಿ ಇರಲಿ ಅಂತ.

ತಕರಾರು ತಮ್ಮಯ್ಯ
ಅಂದರೆ ಮೈ ಅವಳದ್ದು, ಮುಖ ವಕೀಲರದ್ದು.

ಕಡಲತಡಿಯವ
😂 ಇದಕ್ಕೆ ಲೈಕ್ ಕೊಡದೆ ಇರ್ಲಿಕ್ಕೆ ಆಗುವುದಿಲ್ಲ.

ಪಿಒಪಿ ಪರಮೇಶಿ
ಮುಖಕ್ಕೆ ತಾಂತ್ರಿಕ ಕಾರಣವೂ ಇದೆ ತಮ್ಮಯ್ಯನವರೇ. ತಲೆ ಹಿಂದಕ್ಕೆ ಚೆಲ್ಲಿ, ತುಟಿ ತುಸು ತೆರೆದ ಮುಖದ ಮೇಲೆ ಪ್ಲಾಸ್ಟರ್ ಹಾಕಿದರೆ ಬಾಯಿಗೆ ಹೋಗುತ್ತೆ, ಮೂಗಿಗೆ ನಳಿಗೆ ಇಟ್ಟರೆ ಮೂಗಿನ ಆಕಾರ ಕೆಡುತ್ತೆ. ಕೆನ್ನೆ ಹಿಂದಕ್ಕೆ ಜಾರುತ್ತೆ. ಅಲ್ಲಿ ಅಚ್ಚು ಅವನಿಗೆ ಪ್ರಯೋಜನಕ್ಕೇ ಬರುತ್ತಿರಲಿಲ್ಲ.

ಸಂಜೆಮಲ್ಲಿಗೆ
ಎಲ್ಲರಿಗೂ ಧನ್ಯವಾದ. ಕೊನೆಯದಾಗಿ: ಎದುರಿಗೆ ನಿಂತು ನೋಡೋ ಅವಕಾಶ ಸಿಕ್ಕವರು ಏನೇನು ಗಮನಿಸಬೇಕು? ಅಂತರ್ಜಾಲದ ಫೋಟೋಗಳಲ್ಲಿ ಗುಳಿಗಳು ಸರಿಯಾಗಿ ಕಾಣಲ್ಲ.

ಮುರುಕು ಉಳಿ
ಫೋಟೋದಲ್ಲಿ ಕಾಣದಿರೋದು ಬೆಳಕು ಎದುರಿಂದ ಬಿದ್ದಿರೋದಕ್ಕೆ. ಒಂದೆರಡು ಮಿ.ಮೀ. ಗುಳಿ ಕಾಣೋಕೆ ಬೆಳಕು ಪಕ್ಕದಿಂದ, ಮೇಲ್ಮೈಗೆ 15–20 ಡಿಗ್ರಿಯಲ್ಲಿ ಸವರಿಕೊಂಡು ಬರಬೇಕು. ಮ್ಯೂಸಿಯಂನಲ್ಲಿ ದೀಪ ಸರಿಸೋಕೆ ಬಿಡಲ್ಲ, ನೀವೇ ಸರೀಬೇಕು. ಬಗ್ಗಿ, ತೊಡೆಯ ಮಟ್ಟಕ್ಕೆ ಕಣ್ಣಿಟ್ಟು, ಬೆಳಕಿನ ಕಡೆ ಮುಖ ಮಾಡಿ ನೋಡಿ. ಸೊಂಟ ಹೂವಿನ ಹಾಸಿಗೆ ತಾಗೋ ಜಾಗದಲ್ಲಿ ಮಾಂಸ ಚಪ್ಪಟೆಯಾಗಿದೆಯಾ, ದುಂಡಗೇ ಉಳಿದಿದೆಯಾ ಅನ್ನೋದನ್ನೂ ನೋಡಿ. ಪರಮೇಶಿ ಹೇಳಿದ ಭಾರದ ದಿಕ್ಕು ಅಲ್ಲೇ ಗೊತ್ತಾಗೋದು.

ಪಿಒಪಿ ಪರಮೇಶಿ
ಪಾದ ಮರೀಬೇಡಿ. ಮೈಮೇಲಿನ ಅಚ್ಚು ಎಲ್ಲಕ್ಕಿಂತ ಚೆನ್ನಾಗಿ ಬರೋದು ಪಾದದಲ್ಲಿ, ಮೂಳೆ ಹತ್ತಿರ ಇರುತ್ತೆ, ಅಲ್ಲಾಡಿಸದೆ ಇಡೋದೂ ಸುಲಭ. ತೊಡೆ, ಪಾದ ಎರಡೂ ಒಂದೇ ಮಟ್ಟಕ್ಕೆ ನಿರ್ದಿಷ್ಟವಾಗಿದ್ದರೆ ಒಂದು ಕಥೆ. ಪಾದ ನಯವಾಗಿದ್ದು ತೊಡೆ ಮಾತ್ರ ನಿರ್ದಿಷ್ಟವಾಗಿದ್ದರೆ, ಗುಳಿಗಳನ್ನು ಆರಿಸಿ ಉಳಿಸಿಕೊಂಡಿದ್ದಾನೆ ಅನ್ನೋ ಉಳಿಯವರ ಮಾತಿಗೆ ಬಲ ಬರುತ್ತೆ.

ತಕರಾರು ತಮ್ಮಯ್ಯ
ಪಾದದ ಫೋಟೋ ಯಾರಾದರೂ ಹಾಕೋವರೆಗೆ ನನ್ನ ಮಾತು ವಾಪಸ್ ತಗೊಳ್ಳಲ್ಲ.